ತಲೆಯ ಬಣ್ಣ ನಂಬಬೇಡಿ, ರೆಕ್ಕೆಯ ತುದಿ ನೋಡಿ

ಸೋದರಿಯರೇ, ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರಕೊಂಡು ಮಲ್ಪೆಗೋ ಕಾರವಾರಕ್ಕೋ ಹೋಗುವವರು ನಮ್ಮಲ್ಲಿ ಬಹಳ. ಮೀನಿನ ದೋಣಿಯ ಹಿಂದೆ ಕಿರುಚುತ್ತಾ ಬರುವ ಬಿಳಿ ಹಕ್ಕಿಗಳನ್ನು ಕಂಡರೆ "ಅಮ್ಮಾ, ಅದೇನು?" ಅಂತ ಮಕ್ಕಳು ಕೇಳೇ ಕೇಳ್ತಾರೆ. "ಕೊಕ್ಕರೆ ಕಣೋ" ಅಂದು ಬಾಯಿ ಮುಚ್ಚಿಸಬೇಡಿ. ಅದು ಕಡಲಕ್ಕಿ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವುದು ಕಂದುತಲೆಯ ಕಡಲಕ್ಕಿ.

ಹೆಸರು ಕೇಳಿ ಕಂದು ತಲೆ ಹುಡುಕಿದರೆ ಮೋಸಹೋದಿರಿ! ಚಳಿಗಾಲದಲ್ಲಿ ಇದರ ತಲೆ ಬೆಳ್ಳಗಿರುತ್ತದೆ. ಕಣ್ಣಿನ ಹಿಂದೆ ದೃಷ್ಟಿಬೊಟ್ಟಿನಂಥ ಒಂದು ಕಪ್ಪು ಮಚ್ಚೆ, ಅಷ್ಟೇ. ಮಾರ್ಚ್ ಹೊತ್ತಿಗೆ ಹಳೆಯ ಗರಿ ಉದುರಿ ಹೊಸದು ಬಂದಾಗ ಮುಖವೆಲ್ಲ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಸೀರೆಯ ಅಂಚಿನ ಹಾಗೆ ಸುತ್ತ ಗಾಢ ಗೆರೆ. ಗಂಡು ಹೆಣ್ಣು ಎರಡಕ್ಕೂ ಒಂದೇ ವೇಷ.

ಎಲ್ಲ ಕಾಲಕ್ಕೂ ಸಲ್ಲುವ ಗುರುತು ರೆಕ್ಕೆಯಲ್ಲಿದೆ. ಬೆನ್ನು ವಿಭೂತಿ ಬಣ್ಣ, ಕೊಕ್ಕು ಕಾಲು ಕೆಂಪು. ಹಾರುವಾಗ ರೆಕ್ಕೆಯ ಕಪ್ಪು ತುದಿಯಲ್ಲಿ ದೊಡ್ಡ ಬಿಳಿ ಚುಕ್ಕೆಗಳು ಮಿಂಚುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಮಿರರ್ ಎಂದೇ ಹೆಸರು. ರವಿಕೆಯ ತೋಳಿಗೆ ಕನ್ನಡಿ ಚೂರು ಹೊಲಿದ ಹಾಗೆ!

ಇದರ ಜತೆಗೇ ತಿರುಗುವ ಕರಿತಲೆಯ ಕಡಲಕ್ಕಿ ಸ್ವಲ್ಪ ಚಿಕ್ಕದು. ಅದಕ್ಕೆ ಈ ಕನ್ನಡಿ ಇಲ್ಲ. ರೆಕ್ಕೆಯ ಮುಂಬದಿಯಲ್ಲಿ ಉದ್ದಕ್ಕೆ ಬಿಳಿ ಪಟ್ಟಿ ಇರುತ್ತದೆ. ಹತ್ತಿರದಿಂದ ಕಂಡರೆ ಕಣ್ಣನ್ನೂ ನೋಡಿ. ಕಂದುತಲೆಯದಕ್ಕೆ ತಿಳಿಗಣ್ಣು, ಕರಿತಲೆಯದಕ್ಕೆ ಕಪ್ಪುಗಣ್ಣು. ಬೆನ್ನು ಗಾಢ ಬೂದು, ಕಾಲು ಹಳದಿ, ಮೈ ದೊಡ್ಡದು ಅಂದರೆ ಅದು ಬೇರೆಯೇ ಜಾತಿ.

ರೆಕ್ಕೆಯ ಮೇಲೆ ಕಂದು ಕಲೆ, ಬಾಲದ ತುದಿಗೆ ಕಪ್ಪು ಪಟ್ಟಿ ಇದ್ದರೆ ಅದು ಮರಿತನ ಕಳೆಯದ ಹಕ್ಕಿ. ಅದಕ್ಕೆ ಕನ್ನಡಿಯೂ ಇರದು, ತಿಳಿಗಣ್ಣೂ ಇರದು. ಹಾಗಾಗಿ ಮೊದಲು ಹಿಂಡಿನ ದೊಡ್ಡವನ್ನು ಗುರುತು ಹಿಡಿಯಿರಿ. ಮರಿ ಪೂರ್ತಿ ವೇಷ ತೊಡಲು ಎರಡು ವರ್ಷ ಬೇಕು.

ಮರಿ ಮಾಡಲು ಇವು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ ಹೋಗುತ್ತವೆ. ನಮ್ಮ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಹೋದ ಹಾಗೆ ಅನ್ನಿ. ಅಷ್ಟು ದೂರ ಹಾರಬೇಕಾದ ಜೀವಕ್ಕೆ ಉಪ್ಪು ಖಾರದ ಕರಿದ ತಿಂಡಿ ಎರಚುವುದು ಪುಣ್ಯದ ಕೆಲಸವಲ್ಲ. ಅದಕ್ಕೆ ಮೀನು, ಹುಳು ಹುಪ್ಪಟೆಯೇ ಊಟ. ಮರಳಲ್ಲಿ ಬಿದ್ದ ನೈಲಾನ್ ದಾರ ಕಾಲಿಗೆ ಸುತ್ತಿಕೊಂಡರೆ ಹಾರುವುದೂ ಕಷ್ಟ, ಮೇಯುವುದೂ ಕಷ್ಟ. ನಾವು ತಂದ ಪ್ಲಾಸ್ಟಿಕ್ ಚೀಲ ನಮ್ಮ ಬುಟ್ಟಿಯಲ್ಲೇ ವಾಪಸ್ ಬರಲಿ. ಕಾಲು ಸಿಕ್ಕಿಕೊಂಡ ಹಕ್ಕಿ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಈ ಸಲ ಹೊರಡುವಾಗ ಚಕ್ಕುಲಿ ಡಬ್ಬಿ ಜತೆಗೆ ಒಂದು ನೋಟ್‌ಬುಕ್ಕೂ ಇರಲಿ. ಕನ್ನಡಿ ಎಷ್ಟು ಹಕ್ಕಿಗೆ ಕಂಡಿತು ಅಂತ ಮಕ್ಕಳೇ ಬರೆಯಲಿ. ತಿಂಡಿ ಮಾತ್ರ ಮಕ್ಕಳಿಗೇ!