ಗಳಿಸಿದ ಕ್ರೆಡಿಟ್ಟು ಗಡಿ ದಾಟುತ್ತಾ?

ಗಡಿ ದಾಟಿ ಓದಲು ಹೋದವರಿಗೆಲ್ಲ ಈ ಅನುಭವ ಇದ್ದೇ ಇರುತ್ತೆ. ಹತ್ತನೇ ಕ್ಲಾಸನ್ನು ಮಂಜೇಶ್ವರದಲ್ಲೋ, ಅಕ್ಕಲಕೋಟೆಯಲ್ಲೋ, ಮಡಕಶಿರಾದಲ್ಲೋ ಮುಗಿಸಿ ಪಿಯುಸಿಗೆ ಕರ್ನಾಟಕಕ್ಕೆ ಬಂದರೆ ಮಾರ್ಕ್ಸ್ ಕಾರ್ಡ್ ಒಂದೇ ಸಾಲುವುದಿಲ್ಲ. ಟಿಸಿ ಬೇಕು, ಮೈಗ್ರೇಶನ್ ಬೇಕು, ಅರ್ಹತಾ ಪತ್ರ ಬೇಕು. ಓದಿದವರು ನಾವೇ, ಪಾಸಾದವರೂ ನಾವೇ. ಆದರೆ ಆ ಪಾಸು ಇಲ್ಲಿ ನಡೆಯುತ್ತೆ ಅಂತ ಬೇರೆಯವರು ಸೀಲು ಒತ್ತಬೇಕು.

ಈಗ ನಮ್ಮ ಕಿವಿಗೆ ಹೊಸದೊಂದು ಮಾತು ಬೀಳ್ತಾ ಇದೆ: ಕ್ರೆಡಿಟ್. ಶಾಲೆಯಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್ ಗಳಿಸಬಹುದು ಅನ್ನುವ ಮಾತು. ಇದು ಬಹಳ ಕಾಲದಿಂದ ನಡೆದುಕೊಂಡು ಬಂದಿರುವುದು ಅಮೆರಿಕದಲ್ಲಿ. ಅಲ್ಲಿ ಅದು ಹೇಗೆ ನಡೆಯುತ್ತೆ, ಎಲ್ಲಿ ಎಡವುತ್ತೆ ಎಂದು ತಿಳಿದುಕೊಂಡರೆ ನಮಗೆ ಒಳ್ಳೆಯದು.

ಅಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದ್ರೆ ಎಪಿ. 1950ರ ದಶಕದಲ್ಲಿ ಶುರುವಾದದ್ದು. ವರ್ಷವಿಡೀ ಶಾಲೆಯಲ್ಲೇ ಆ ವಿಷಯ ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೀಬೇಕು. 1ರಿಂದ 5ರವರೆಗೆ ಅಂಕ. 3 ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಕೆಲವು 4 ಅಥವಾ 5 ಬೇಕು ಅನ್ನುತ್ತವೆ. ಇನ್ನೊಂದು ಡ್ಯುಯಲ್ ಎನ್‌ರೋಲ್‌ಮೆಂಟ್. ಇದರಲ್ಲಿ ಹೈಸ್ಕೂಲ್ ವಿದ್ಯಾರ್ಥಿ ನಿಜವಾದ ಕಾಲೇಜ್ ಕೋರ್ಸನ್ನೇ ಓದುತ್ತಾನೆ. ಮಿನ್ನೆಸೋಟ ರಾಜ್ಯ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ಫೀಸು, ಪುಸ್ತಕದ ಖರ್ಚು ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ಬಡವರ ಮನೆಯ ಮಕ್ಕಳಿಗೆ ಕಾಲೇಜಿನ ಒಂದೆರಡು ಸೆಮಿಸ್ಟರಿನ ಖರ್ಚೇ ಉಳಿಯುತ್ತೆ.

ಆದರೆ ಈ ಎರಡರಲ್ಲಿ ಒಂದು ವ್ಯತ್ಯಾಸ ಇದೆ. ಎಪಿಯಲ್ಲಿ ಕಡಿಮೆ ಬಂದರೆ ಆ ಅಂಕ ಕಾಲೇಜಿನ ಗ್ರೇಡಿಗೆ ಸೇರುವುದಿಲ್ಲ. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಹಾಗಲ್ಲ. ಹದಿನಾರನೇ ವಯಸ್ಸಿನಲ್ಲಿ ಬಂದ 'ಸಿ' ಗ್ರೇಡು ಕಾಲೇಜಿನ ಕಾಯಂ ದಾಖಲೆಯಲ್ಲಿ ಉಳಿದುಬಿಡುತ್ತೆ. ಮಧ್ಯದಲ್ಲಿ ಕೋರ್ಸ್ ಬಿಟ್ಟರೂ ಬಿಟ್ಟದ್ದು ದಾಖಲಾಗುತ್ತೆ. ಬೇಗ ಶುರು ಮಾಡೋದು ಲಾಭವೇ, ಆದರೆ ತಯಾರಿ ಇಲ್ಲದೆ ಶುರು ಮಾಡಿದರೆ ಅದೇ ಮುಂದೆ ಹೊರೆ.

ಇನ್ನೊಂದು ಸಂಗತಿ ಗಡಿಯವರಾದ ನಮಗೆ ತಕ್ಷಣ ಅರ್ಥವಾಗುವಂಥದ್ದು. ಫ್ಲೋರಿಡಾದಲ್ಲಿ ಎಲ್ಲ ಸರ್ಕಾರಿ ಕಾಲೇಜುಗಳ ಕೋರ್ಸಿಗೂ ಒಂದೇ ಸಂಖ್ಯಾ ಕ್ರಮ ಇದೆ. ಒಂದು ಕಡೆ ಗಳಿಸಿದ ಕ್ರೆಡಿಟ್ಟನ್ನು ರಾಜ್ಯದೊಳಗಿನ ಇನ್ನೊಂದು ಸರ್ಕಾರಿ ಕಾಲೇಜು ಒಪ್ಪಲೇಬೇಕು. ಆದರೆ ಅದೇ ವಿದ್ಯಾರ್ಥಿ ಪಕ್ಕದ ರಾಜ್ಯಕ್ಕೆ ಹೋದರೆ ಆ ಖಾತ್ರಿ ಅಲ್ಲಿಗೇ ಮುಗಿಯಿತು. ಒಪ್ಪೋದು ಬಿಡೋದು ಆ ಕಾಲೇಜಿನ ಇಷ್ಟ. ಅಷ್ಟು ದೊಡ್ಡ ದೇಶದಲ್ಲೂ ಓದಿಗೆ ರಾಜ್ಯದ ಗಡಿ ಅಡ್ಡ ಬರುತ್ತೆ ನೋಡಿ.

ಭಾಷೆಯ ವಿಷಯಕ್ಕೆ ಬರೋಣ. ಎಪಿ ಪರೀಕ್ಷೆಗಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಚೀನೀ, ಜಪಾನೀ ಭಾಷೆಗಳಿವೆ. ಕನ್ನಡ ಇಲ್ಲ. ಅಲ್ಲಿನ ನಮ್ಮವರ ಮಕ್ಕಳು ಮನೆಯಲ್ಲಿ ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಿದರೂ ಎಪಿ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ಆದರೆ ಬೇರೆ ದಾರಿಯೊಂದಿದೆ, ಸೀಲ್ ಆಫ್ ಬೈಲಿಟರಸಿ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯಲ್ಲೂ ಓದು-ಬರಹ ಬಲ್ಲ ಹೈಸ್ಕೂಲ್ ಮಕ್ಕಳಿಗೆ ಸಿಗುವ ಮುದ್ರೆ ಇದು. ಕ್ಯಾಲಿಫೋರ್ನಿಯಾ 2011ರಲ್ಲಿ ಇದಕ್ಕೆ ಕಾನೂನು ತಂದಿತು. ಮಿನ್ನೆಸೋಟ ಇನ್ನೂ ಮುಂದಕ್ಕೆ ಹೋಗಿ, ಇಂಥ ಮುದ್ರೆ ಪಡೆದವರಿಗೆ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಭಾಷಾ ಕ್ರೆಡಿಟ್ಟನ್ನೇ ಕೊಡುತ್ತೆ. ವಲಸೆ ಬಂದ ಸೊಮಾಲಿ, ಹ್ಮಾಂಗ್ ಕುಟುಂಬಗಳ ಮಕ್ಕಳು ಮನೆಯ ಮಾತನ್ನೇ ಕಾಲೇಜಿನ ಕ್ರೆಡಿಟ್ ಮಾಡಿಕೊಳ್ಳಬಹುದು. ಮನೆ ಭಾಷೆ ಅಲ್ಲಿ ಸಮಸ್ಯೆ ಅಲ್ಲ, ಸಂಪಾದನೆ.

ಈಗ ನಮ್ಮ ಕಡೆ ಏನಿದೆ? 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ಅದರ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40. ಶಾಲೆಯ ಕಲಿಕೆಯೂ ಈ ಲೆಕ್ಕಕ್ಕೆ ಬರುತ್ತೆ. ಹಾಗಂತ ಶಾಲೆಯ ಕ್ರೆಡಿಟ್ ತೋರಿಸಿ ಕಾಲೇಜಿನ ಪೇಪರ್ ಬಿಡಬಹುದು ಅಂತಲ್ಲ. ಅಮೆರಿಕದ ಪದ್ಧತಿ ಇಲ್ಲಿಗೆ ಬಂದೇಬಿಟ್ಟಿದೆ ಅಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ.

ಈಗಲೇ ಕೈಗೆ ಸಿಗುವಂಥವು ಕೆಲವಿವೆ. ಎನ್‌ಪಿಟಿಇಎಲ್ ಕೋರ್ಸಿಗೆ ಯಾರು ಬೇಕಾದರೂ ಸೇರಬಹುದು. ಕಲಿಯೋದಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಸರ್ಟಿಫಿಕೇಟ್ ಸಿಗುತ್ತೆ, ಆದರೆ ಅದು ಕ್ರೆಡಿಟ್ ಆಗೋದು ಮುಂದೆ ಸೇರುವ ಕಾಲೇಜು ಒಪ್ಪಿದರೆ ಮಾತ್ರ. ಮದ್ರಾಸ್ ಐಐಟಿಯ ಆನ್‌ಲೈನ್ ಬಿಎಸ್ ಪದವಿಗೆ ಹನ್ನೊಂದನೇ ತರಗತಿಯ ಪರೀಕ್ಷೆ ಬರೆದವರೇ ಅರ್ಜಿ ಹಾಕಿ ಅರ್ಹತಾ ಪರೀಕ್ಷೆ ಪಾಸು ಮಾಡಬಹುದು. ಹನ್ನೆರಡು ಮುಗಿದ ಮೇಲೆ ಸೇರಿದರಾಯ್ತು. ಕಡಿಮೆ ಆದಾಯದ ಮನೆಯವರಿಗೆ ಫೀಸಿನಲ್ಲಿ ರಿಯಾಯಿತಿಯೂ ಇದೆ.

ಯಾವುದಕ್ಕೇ ಹೆಸರು ಕೊಡೋ ಮುಂಚೆ ಮೂರು ಪ್ರಶ್ನೆ ಕೇಳಿ. ನಾನು ಸೇರಬೇಕೆಂದಿರುವ ಕಾಲೇಜು ಇದನ್ನು ಒಪ್ಪುತ್ತಾ? ಒಪ್ಪಿದರೆ ಕ್ರೆಡಿಟ್ ಕೊಡುತ್ತಾ, ಬರೀ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತಾ? ಗ್ರೇಡು ಕಡಿಮೆ ಬಂದರೆ ಅದು ಎಲ್ಲಿ ಉಳಿಯುತ್ತೆ? ಉತ್ತರವನ್ನು ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ ಪಡೆಯಿರಿ. ನಮ್ಮ ಅಣ್ಣಂದಿರು, ಅಕ್ಕಂದಿರು ಅಡ್ಮಿಶನ್ ಕೌಂಟರಿನ ಮುಂದೆ ನಿಂತು ಕಲಿತ ಪಾಠ ಇದು.

ಸರ್ಕಾರಗಳಿಗೂ ನಮ್ಮದೊಂದು ಮಾತಿದೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಅಂದರೆ ಕನ್ನಡ ಬಲ್ಲವರಿಗೆ ಬಾಗಿಲು ತೆರೆಯಬೇಕು ಅನ್ನೋದು ಆಗಲೇ ಒಪ್ಪಿದ ತತ್ವ. ಅದನ್ನೇ ಮುಂದುವರಿಸಿ. ಕಾಸರಗೋಡಿನ ಪ್ಲಸ್ ಟು, ರಾಯದುರ್ಗದ ಇಂಟರ್, ಜತ್ತದ ಬಾರಾವಿ, ಎಲ್ಲಿ ಓದಿದರೂ ಕನ್ನಡ ಓದಿದ ಗಂಟೆಗಳು ಕ್ರೆಡಿಟ್ ಬ್ಯಾಂಕಿಗೆ ಸೇರಲಿ. ಆ ಕ್ರೆಡಿಟ್ಟನ್ನು ಗಡಿಯ ಎರಡೂ ಬದಿಯ ವಿಶ್ವವಿದ್ಯಾಲಯಗಳು ಮತ್ತೊಂದು ಸೀಲು ಕೇಳದೆ ಒಪ್ಪಲಿ.

ಗಡಿ ಎಳೆದವರು ನಾವಲ್ಲ. ಓದಿದ್ದು ಮಾತ್ರ ನಮ್ಮದು. ಅದು ಎಲ್ಲಿಗೆ ಹೋದರೂ ನಮ್ಮ ಜೊತೆ ಬರಬೇಕು, ಅಷ್ಟೇ. ನಿಮ್ಮೂರಿನ ಹತ್ತು, ಹನ್ನೊಂದನೇ ಕ್ಲಾಸಿನ ತಮ್ಮ ತಂಗಿಯರಿಗೆ ಇದನ್ನು ಓದಿ ಹೇಳಿ.