ಪಾಲಕತ್ವಕ್ಕೆ ಮುಕ್ತಾಯವೆಂಬುದಿಲ್ಲವೆ?

ವಯಸ್ಕ ವ್ಯಕ್ತಿಯ ಆಸ್ತಿಗೆ ಕಾನೂನುಬದ್ಧ ಪಾಲಕನನ್ನು ನೇಮಿಸಿಕೊಳ್ಳುವಲ್ಲಿ ಕುಟುಂಬಗಳು ತೋರುವ ಆತುರ, ಆ ನೇಮಕವನ್ನು ಮುಗಿಸುವಲ್ಲಿ ಕಂಡುಬರುವುದಿಲ್ಲ. ವಿಸರ್ಜನೆಯ ಕಲಮು ಇಲ್ಲದ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಲೊಪ್ಪದ ವ್ಯಾಪಾರಿಯೇ, ತಮ್ಮನ ಪಾಲಿನ ಹಣಕ್ಕೆ ಪಾಲಕನಾಗುವಾಗ ಅವಧಿಯ ಮಾತನ್ನೇ ಎತ್ತುವುದಿಲ್ಲ.

ದೋಷವು ಶಾಸನದಲ್ಲಿಯೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮೊದಲಾದವುಗಳುಳ್ಳವರಿಗಾಗಿ ರಚಿತವಾದ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಪಾಲಕನಿಂದ ಆರು ತಿಂಗಳೊಳಗೆ ಸ್ವತ್ತಿನ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಕೇಳುತ್ತದೆ. ಲೆಕ್ಕದ ಮಟ್ಟಿಗೆ ಕೊರತೆಯಿಲ್ಲ. ಆದರೆ 17ನೆಯ ಕಲಮನ್ನು ನೋಡಬೇಕು. ಪಾಲಕನು ಹಿಂಸಿಸಿದರೆ, ಅಲಕ್ಷಿಸಿದರೆ, ಸ್ವತ್ತನ್ನು ನುಂಗಿದರೆ ತಂದೆತಾಯಿ, ಬಂಧು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಸಲ್ಲಿಸಬಹುದಂತೆ. ಹಣ ಯಾರದೋ ಅವನ ಹೆಸರು ಆ ಸಾಲಿನಲ್ಲಿಲ್ಲ. ತೆಗೆದುಹಾಕಲ್ಪಟ್ಟ ಪಾಲಕನು ಸ್ವತ್ತನ್ನು ಒಪ್ಪಿಸಬೇಕಾದುದೂ ಹೊಸ ಪಾಲಕನಿಗೇ. ತಪ್ಪಿಲ್ಲದೆಯೂ ಅಗತ್ಯವೇ ತೀರಿದಾಗ ಏನೆಂಬುದಕ್ಕೆ ಆ ಕಲಮಿನಲ್ಲಿ ಉತ್ತರವಿಲ್ಲ. ಈಗ ರದ್ದಾಗಿರುವ 1987ರ ಮಾನಸಿಕ ಆರೋಗ್ಯ ಕಾಯಿದೆಯಾದರೂ, ರೋಗ ನೀಗಿತೆಂದು ಜಿಲ್ಲಾ ನ್ಯಾಯಾಲಯ ಕಂಡುಕೊಂಡರೆ ಹಿಂದಿನ ಏರ್ಪಾಡನ್ನು ತೆಗೆದುಹಾಕಲು ದಾರಿಯಿಟ್ಟಿತ್ತು. ಅದರ ಸ್ಥಾನಕ್ಕೆ ಬಂದ 2017ರ ಕಾಯಿದೆಯಲ್ಲಿ ಆಸ್ತಿಯ ಅಧ್ಯಾಯವೇ ಇಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಬೇರೆ ಮಾತನ್ನಾಡುತ್ತದೆ. ಪಾಲಕತ್ವವು ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಣಯಕ್ಕೆ ಮಾತ್ರ. ಅದೂ ಆ ವ್ಯಕ್ತಿಯ ಇಚ್ಛೆಯನ್ನನುಸರಿಸಿ. ಬೇರೆ ಕಾನೂನುಗಳಡಿ ನೇಮಕಗೊಂಡ ಪಾಲಕರೂ ಸೀಮಿತ ಪಾಲಕರೆಂದೇ ಪರಿಗಣಿತರು. ಆದರೂ ಹಳೆಯ ಆದೇಶವನ್ನು ಕಪಾಟಿನಲ್ಲಿಟ್ಟು ಆಜೀವ ಯಜಮಾನಿಕೆ ನಡೆಸುವ ಮನೆಗಳಿಗೆ ಕೊರತೆಯಿಲ್ಲ.

"ಕೈಗೆ ಕೊಟ್ಟರೆ ಹಾಳುಮಾಡಿಕೊಳ್ಳುತ್ತಾನೆ" ಎಂಬುದು ಸಿದ್ಧ ಉತ್ತರ. ಷೇರುಪೇಟೆಯಲ್ಲಿ ಪಿತ್ರಾರ್ಜಿತವನ್ನು ಕರಗಿಸಿದ ಬುದ್ಧಿವಂತ ಮಕ್ಕಳಿಗೆ ಯಾರೂ ಪಾಲಕರನ್ನು ನೇಮಿಸಿದ್ದಿಲ್ಲ! ನಷ್ಟಪಡುವ ಹಕ್ಕು ಬುದ್ಧಿವಂತರಿಗಷ್ಟೇ ಮೀಸಲೆ?

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, "ಹೌದು, ಅಷ್ಟೇ" ಎಂದುಬಿಡುವುದೇ ಅದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕದಿಯುವ ಮಾತೇ ಅಲ್ಲಿಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದರೆ ಸಾಕು. ತನಗೆ ಹಣ ಮರಳಿ ಕೇಳುವ ಹಕ್ಕಿದೆಯೆಂದೇ ತಿಳಿಯದವನ ಮುಂದೆ ಮೌನವಾಗಿರುವ ಪಾಲಕನನ್ನು ಯಾವ ಸಾಲಿನಲ್ಲಿ ಕೂರಿಸಬೇಕು?

ಆದುದರಿಂದ ನೇಮಕದ ಅರ್ಜಿಯಲ್ಲಿಯೇ ಅವಧಿಯನ್ನು ನಮೂದಿಸಬೇಕು. ವಾರ್ಷಿಕ ಲೆಕ್ಕವನ್ನು ಆ ವ್ಯಕ್ತಿಯ ಎದುರಿಗೇ ಓದಿ ಹೇಳಬೇಕು. ಅಂಗವಿಕಲರ ಸಂಸ್ಥೆಗಳನ್ನು ನಡೆಸುವ ಧರ್ಮದರ್ಶಿಗಳು, ನೋಂದಾಯಿತ ಸಂಸ್ಥೆಗೆ ಕಾಯಿದೆಯಿತ್ತ ಅಧಿಕಾರವನ್ನು ಬಳಸಿ, ಸಂದೇಹವಿರುವ ಪ್ರಕರಣಗಳನ್ನು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮುಂದಿಡಬೇಕು, ಪಾಲಕನು ತಮ್ಮ ಟ್ರಸ್ಟಿನ ದಾನಿಯೇ ಆಗಿದ್ದರೂ.