ಗ್ಯಾರೇಜಿನ ಕರಿ ಎಣ್ಣೆ, ಊರಿನ ಕುಡಿಯೋ ನೀರು

ಗಾಡಿಗೆ ಹೊಸ ಎಣ್ಣೆ ಹಾಕಿಸಿದವನು ಹಳೇ ಎಣ್ಣೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಬಿಲ್ಲು ಎಷ್ಟಾಯಿತು, ಗಾಡಿ ಯಾವಾಗ ಸಿಗುತ್ತೆ, ಕೇಳೋದು ಇವೆರಡೇ ಮಾತು. ಆದರೆ ಆ ಹಳೇ ಎಣ್ಣೆ ಎಲ್ಲಿಯೂ ಮಾಯವಾಗುವುದಿಲ್ಲ. ಒಂದಿಷ್ಟು ನೆಲಕ್ಕೆ, ಒಂದಿಷ್ಟು ಮೋರಿಗೆ, ಉಳಿದದ್ದು ಡಬ್ಬದಲ್ಲಿ ಕೊಂಡು ಹೋಗುವವನ ಕೈಗೆ. ಕೊನೆಗೆ ಅದು ತಿರುಗಿ ಬರುವುದು ಊರಿನವರ ಕೊಡಕ್ಕೇ.

ಬಂಗಾರಪೇಟೆಯಲ್ಲಾಗಲಿ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಲ್ಲಾಗಲಿ ಇಂದು ಗಾಡಿಯಿಲ್ಲದ ಮನೆಯನ್ನು ಹುಡುಕಬೇಕು. ಗಾಡಿ ಹೆಚ್ಚಿದಂತೆ ಗ್ಯಾರೇಜು, ವಾಟರ್ ಸರ್ವಿಸ್ ಅಂಗಡಿಗಳೂ ಹೆಚ್ಚಿವೆ. ಅದು ತಪ್ಪಲ್ಲ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಊರಿನಲ್ಲಿ ಸ್ಪ್ಯಾನರ್ ಹಿಡಿದು ಬದುಕುವುದು ಮರ್ಯಾದೆಯ ದುಡಿಮೆ. ಆ ದುಡಿಮೆಯ ಕೊಳೆ ಯಾರ ತಲೆಗೆ ಬೀಳುತ್ತಿದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಒಂದು ಬೈಕಿನಿಂದ ಸುಮಾರು ಒಂದು ಲೀಟರ್, ಒಂದು ಕಾರಿನಿಂದ ಮೂರ್ನಾಲ್ಕು ಲೀಟರ್ ಕರಿ ಎಣ್ಣೆ ಇಳಿಯುತ್ತದೆ. ಎಂಜಿನ್ನಿನೊಳಗೆ ಕಾದು ಸವೆದ ಈ ಎಣ್ಣೆಯಲ್ಲಿ ಲೋಹದ ಪುಡಿ, ಸುಟ್ಟ ಇಂಧನದ ವಿಷ ಎಲ್ಲಾ ಸೇರಿರುತ್ತದೆ. ಒಂದೇ ಒಂದು ಸಲ ಬದಲಾಯಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಎಚ್ಚರಿಸಿದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಒಳ್ಳೆಯದಕ್ಕೆ ಮಾತ್ರ ಅನ್ವಯಿಸುವುದಿಲ್ಲ, ವಿಷಕ್ಕೂ ಅನ್ವಯಿಸುತ್ತದೆ.

ಇನ್ನು ತೊಳೆಯುವ ನೀರು. ಪೈಪು ಹಿಡಿದು ಒಂದು ಕಾರು ತೊಳೆದರೆ ನೂರು ಲೀಟರ್ ದಾಟುವುದು ಸಾಮಾನ್ಯ. ಆ ನೀರು ಗ್ರೀಸು, ಡೀಸೆಲ್ಲು, ಸೋಪಿನ ನೊರೆ ಹೊತ್ತು ಮೋರಿಗೆ ಇಳಿಯುತ್ತದೆ. ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡು ನಾತ ಹೊಡೆಯುವಾಗ ವ್ಯಾಪಾರಿಗಳು ಬೈಯುವುದು ಪೌರಕಾರ್ಮಿಕರನ್ನು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ಗ್ರೀಸು ಮೆತ್ತಿದ ಕೆಸರು ಗುದ್ದಲಿಗೂ ಸುಲಭವಾಗಿ ಬರುವುದಿಲ್ಲ.

ಬೇರೆ ಊರಿನವರಾದರೆ ನದಿ ಇದೆ, ಕೊಚ್ಚಿಕೊಂಡು ಹೋಗುತ್ತೆ ಎಂದು ಸುಮ್ಮನಿರಬಹುದೇನೋ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಇರುವ ಪಾಲಾರಿಗೆ ಕಟ್ಟಿದ ಬೇತಮಂಗಲದ ಕೆರೆಯೇ ಒಂದು ಕಾಲಕ್ಕೆ ಇಡೀ ಚಿನ್ನದ ಗಣಿಗೆ ನೀರುಣಿಸಿತು. ಉಳಿದದ್ದಕ್ಕೆ ಹೆಚ್ಚಾಗಿ ಬೋರ್‌ವೆಲ್ಲೇ ಗತಿ. ಭೂಮಿಗೆ ಇಂಗುವುದಕ್ಕಿಂತ ಮೇಲೆತ್ತುವುದೇ ಹೆಚ್ಚಾಗಿರುವ ಜಿಲ್ಲೆ ಇದು. ಅಂತರ್ಜಲ ಏರಲೆಂದು ಸರ್ಕಾರ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದೆ. ಒಂದು ಕಡೆ ಕೋಟಿಗಟ್ಟಲೆ ಸುರಿದು ನೀರು ತರುವುದು, ಇನ್ನೊಂದು ಕಡೆ ಅದೇ ನೆಲಕ್ಕೆ ಪುಕ್ಕಟೆಯಾಗಿ ಎಣ್ಣೆ ಸುರಿಯುವುದು. ಇದ್ಯಾವ ನ್ಯಾಯ?

ಕೊಳೆಯನ್ನು ಬಿಟ್ಟು ಹೋಗುವುದೆಂದರೇನು ಎಂದು ಕೆ.ಜಿ.ಎಫ್. ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ನೂರಿಪ್ಪತ್ತು ವರ್ಷ ಚಿನ್ನ ತೆಗೆದವರು ಹೋದರು, ಸೈನೈಡ್ ದಿಬ್ಬಗಳು ಉಳಿದವು. ಗಾಳಿ ಎದ್ದರೆ ಆ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ. ದಿಬ್ಬ ಕಣ್ಣಿಗಾದರೂ ಕಾಣುತ್ತದೆ. ನೆಲದೊಳಗೆ ಇಂಗಿದ ಎಣ್ಣೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಬೋರ್‌ವೆಲ್ ಕೆಟ್ಟಿರುತ್ತದೆ.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 1974ರ ಜಲ ಕಾಯ್ದೆ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಹೇಳಿವೆ. ಅನುಮತಿ ಪಡೆದವರಿಗೆ ಮಾತ್ರ ಅದನ್ನು ಕೊಡತಕ್ಕದ್ದು. ಹಳೇ ಬ್ಯಾಟರಿಗೆ 2022ರ ನಿಯಮಗಳಿವೆ. ಬಳಸಿದ ಎಣ್ಣೆಯ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಿಸುವ ಕಂಪನಿಗಳ ಮೇಲೆಯೇ ಹೊರಿಸುವ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೆ ರಸ್ತೆ ಬದಿಯ ಮೆಕ್ಯಾನಿಕ್ ಬಳಿಗೆ ಕಾನೂನಿಗಿಂತ ಮೊದಲು ಬಂದು ನಿಲ್ಲುವವನು ಡಬ್ಬ ಹಿಡಿದ ವ್ಯಾಪಾರಿ. ಅವನ ಕೈಸೇರಿದ ಎಣ್ಣೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗಬಹುದು, ಒಲೆಯಲ್ಲಿ ಉರಿದು ಕರಿ ಹೊಗೆಯಾಗಬಹುದು, ಸೋಸಿಕೊಂಡು ಹೊಸ ಡಬ್ಬದಲ್ಲಿ ಮತ್ತೆ ಅಂಗಡಿಗೇ ಬರಬಹುದು. ಆಗ ಎಂಜಿನ್ನು ಸೀಜ್ ಆಗುವುದು ಗಿರಾಕಿಯದು.

ಮಾಡಬೇಕಾದ್ದು ಬ್ರಹ್ಮವಿದ್ಯೆಯೇನಲ್ಲ. ವಾಟರ್ ಸರ್ವಿಸ್ ಮಾಡುವ ಕಡೆ ಮೂರು ಕೋಣೆಯ ಒಂದು ತೊಟ್ಟಿ ಸಾಕು. ಮೊದಲನೆಯದರಲ್ಲಿ ಮಣ್ಣು ತಂಗುತ್ತದೆ. ಎರಡನೆಯದರಲ್ಲಿ ಎಣ್ಣೆ ತೇಲುತ್ತದೆ. ಕೆಳಗಿನಿಂದ ಕೂಡಿಸಿದ ಪೈಪಿನಲ್ಲಿ ನೀರಷ್ಟೇ ಮೂರನೆಯದಕ್ಕೆ ದಾಟುತ್ತದೆ. ಆ ನೀರನ್ನು ಗಾಡಿಯ ಮೊದಲ ತೊಳೆತಕ್ಕೆ ಮತ್ತೆ ಬಳಸಿದರೆ ಟ್ಯಾಂಕರಿನ ದುಡ್ಡೂ ಉಳಿಯಿತು. ತೇಲಿದ ಎಣ್ಣೆಯನ್ನು ಮಾತ್ರ ಆಗಾಗ ತೆಗೆದು ಡ್ರಮ್ಮಿಗೆ ಹಾಕಬೇಕು, ಇಲ್ಲವಾದರೆ ತೊಟ್ಟಿ ಇದ್ದೂ ಇಲ್ಲದಂತೆ. ಸಣ್ಣ ಗ್ಯಾರೇಜಿಗೆ ಎಣ್ಣೆ ಇಳಿಸುವ ಟ್ರೇ, ಮುಚ್ಚಳವಿರುವ ಡ್ರಮ್ಮು, ಚೆಲ್ಲಿದ ಕಡೆ ಉದುರಿಸಲು ಮರದ ಪುಡಿ, ಇಷ್ಟೇ ಬಂಡವಾಳ. ಎಣ್ಣೆ ಹೀರಿದ ಪುಡಿಯನ್ನು ತಿಪ್ಪೆಗೆ ಎಸೆಯದೆ ಬೇರೆ ಇಡಬೇಕು. ಬ್ಯಾಟರಿ ಆಸಿಡ್ಡನ್ನು ಮೋರಿಗೆ ಬಗ್ಗಿಸುವುದನ್ನಂತೂ ಇವತ್ತೇ ನಿಲ್ಲಿಸಬೇಕು.

ಒಬ್ಬ ಸಣ್ಣ ಮೆಕ್ಯಾನಿಕ್ಕಿನ ಹತ್ತಿಪ್ಪತ್ತು ಲೀಟರ್ ಎಣ್ಣೆಗಾಗಿ ದೊಡ್ಡ ಕಾರ್ಖಾನೆಯ ಲಾರಿ ಬರುವುದಿಲ್ಲ, ನಿಜ. ಅಲ್ಲಿಯೇ ನಗರಸಭೆ, ಪುರಸಭೆಗಳ ಕೆಲಸವಿರುವುದು. ರಾಬರ್ಟ್‌ಸನ್‌ಪೇಟೆಯಲ್ಲೊಂದು, ಬಂಗಾರಪೇಟೆಯಲ್ಲೊಂದು ಜಾಗ ಗೊತ್ತುಮಾಡಿ, ತಿಂಗಳಿಗೊಂದು ದಿನ ಎಲ್ಲರ ಹಳೇ ಎಣ್ಣೆ, ಬ್ಯಾಟರಿ, ಫಿಲ್ಟರು ಅಲ್ಲಿಗೆ ಬರುವಂತೆ ಮಾಡಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಖರೀದಿದಾರನನ್ನು ಆ ದಿನ ಕರೆಸಲಿ. ಶುದ್ಧಿ ಮಾಡಿದರೆ ಮತ್ತೆ ಎಣ್ಣೆಯೇ ಆಗುವ ಸರಕಿದು. ಮೆಕ್ಯಾನಿಕ್ಕಿಗೆ ನಾಲ್ಕು ಕಾಸೂ ಸಿಗಲಿ. ಅಂಗಡಿ ಲೈಸೆನ್ಸ್ ನವೀಕರಿಸುವಾಗ ತೊಟ್ಟಿ ಇದೆಯೇ, ಡ್ರಮ್ಮಿದೆಯೇ ಎಂದು ನೋಡಲಿ. ಮೊದಲು ದಾರಿ ತೋರಿಸಿ, ಆಮೇಲೂ ಮೋರಿಗೆ ಬಿಡುವವನಿಗೆ ದಂಡ ಹಾಕಲಿ. ದಾರಿಯನ್ನೇ ತೋರಿಸದೆ ದಂಡದ ಪುಸ್ತಕ ಹಿಡಿದು ಹೊರಟರೆ ಅದು ಮಾಮೂಲಿಗೆ ದಾರಿ, ಅಷ್ಟೇ.

ಗಿರಾಕಿಗೂ ಒಂದು ಕರ್ತವ್ಯವಿದೆ. ಗಾಡಿ ಬಿಡುವಾಗ “ಹಳೇ ಎಣ್ಣೆ ಎಲ್ಲಿ ಹಾಕ್ತೀಯಪ್ಪಾ?” ಎಂದು ಒಂದು ಮಾತು ಕೇಳಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಡ್ರಮ್ಮು ಬಂದಿರುತ್ತದೆ. ಕೆರೆಕಟ್ಟೆ ಕಟ್ಟಿಸಿ ನೀರು ಉಳಿಸಿಕೊಂಡು ಬಾಳಿದ ಜಿಲ್ಲೆ ಇದು. ಉಳಿದಿರುವಷ್ಟು ನೀರಿಗಾದರೂ ಎಣ್ಣೆ ಬೀಳದಂತೆ ಕಾಯುವ ಕೆಲಸವನ್ನು ನಗರಸಭೆ, ಪುರಸಭೆಗಳು ಬರುವ ಮಳೆಗಾಲಕ್ಕೆ ಮೊದಲೇ ಕೈಗೆತ್ತಿಕೊಳ್ಳಲಿ.